ಮೊದಲು ಬಂದವರ ಬಿಡಾರ

ಒಂದು ನೆಲ ಯಾರದು ಎಂಬ ಜಗಳ ಎದ್ದಾಗಲೆಲ್ಲ ಎರಡು ಮಾತುಗಳು ಕೇಳಿಬರುತ್ತವೆ. ‘ನಾವು ಇಲ್ಲಿಗೆ ಮೊದಲು ಬಂದವರು’ ಎನ್ನುವುದು ಒಂದು. ‘ಎಲ್ಲರೂ ಎಲ್ಲಿಂದಲೋ ಬಂದವರೇ ಬಿಡಿ’ ಎನ್ನುವುದು ಇನ್ನೊಂದು. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿಗಳಲ್ಲಿ ಅನ್ನ ಹುಡುಕಿಕೊಂಡ ನಮ್ಮಂಥವರಿಗೆ ಮೊದಲನೆಯದು ಕೇಳಿಸಿಕೊಳ್ಳುವ ಮಾತು, ಎರಡನೆಯದು ಆಡುವ ಮಾತು. ರಜೆಗೆ ಊರಿಗೆ ಹೋದಾಗ, ಬೆಂಗಳೂರಿನ ಬಸ್ಸಿನಲ್ಲೋ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೋ ಕನ್ನಡ ಬಾರದವರು ಎದುರಾದಾಗ, ಮಾತುಗಳು ಅದಲುಬದಲಾಗುತ್ತವೆ. ಅಲ್ಲಿ ಮೊದಲನೆಯದನ್ನು ನಾವು ಆಡುತ್ತೇವೆ, ಎರಡನೆಯದನ್ನು ಅವರಿಂದ ಕೇಳಿಸಿಕೊಳ್ಳುತ್ತೇವೆ. ಊರು ಬದಲಾದ ಕೂಡಲೇ ಒಂದೇ ಬಾಯಿ ಎರಡು ನ್ಯಾಯ ಹೇಳುತ್ತದೆ ಎಂದಾದರೆ ಆ ಎರಡರಲ್ಲಿ ಒಂದಾದರೂ ಪೊಳ್ಳಾಗಿರಬೇಕು. ಎರಡೂ ಪೊಳ್ಳಾಗಿರಬಹುದು ಎನ್ನುವುದು ನನ್ನ ಅನುಮಾನ.

ಇವನ್ನು ಒರೆಗೆ ಹಚ್ಚಿ ನೋಡಲು ನಮ್ಮ ಜಗಳಗಳಿಂದ ದೂರದ ಒಂದು ಜಾಗ ಬೇಕು. ಹತ್ತಿರದ ಉದಾಹರಣೆ ತೆಗೆದುಕೊಂಡರೆ ಓದುವ ಮೊದಲೇ ನಾವು ಪಕ್ಷ ಹಿಡಿದಿರುತ್ತೇವೆ. ಆದ್ದರಿಂದ ‘ಮೊದಲು ಬಂದವರು’ ಎಂಬ ಬಿರುದನ್ನು ಒಂದು ಕಾಲದಲ್ಲಿ ನಿಜವಾಗಿಯೂ ಹೊತ್ತಿದ್ದ ಜನರ ಬಿಡಾರವೊಂದಕ್ಕೆ ಹೋಗಿಬರೋಣ. ಅದರ ಹೆಸರು ಲಿಂಡನ್‌ಮಯರ್.

ಅಮೆರಿಕದ ಕೊಲೊರಾಡೊ ರಾಜ್ಯದ ಉತ್ತರದ ತುದಿಯಲ್ಲಿ, ವಯೋಮಿಂಗ್ ಗಡಿಗೆ ಅಂಟಿಕೊಂಡಂತೆ ಒಂದು ಹುಲ್ಲುಗಾವಲಿದೆ. ಫೋರ್ಟ್ ಕಾಲಿನ್ಸ್ ಎಂಬ ಊರಿನಿಂದ ಸುಮಾರು 45 ಕಿಲೋಮೀಟರ್ ಉತ್ತರಕ್ಕೆ. ಪಶ್ಚಿಮಕ್ಕೆ ರಾಕಿ ಪರ್ವತಗಳ ತಪ್ಪಲು, ಪೂರ್ವಕ್ಕೆ ಕಣ್ಣು ಹಾಯುವವರೆಗೂ ಬಯಲು. ಅಲ್ಲಿನ ಒಂದು ಹಳ್ಳ ಮಳೆನೀರಿಗೆ ಆಳವಾಗಿ ಕೊರೆದುಕೊಂಡು ಹೋದ ಕಡೆ, ದಂಡೆಯ ಮಣ್ಣಿನ ಗೋಡೆಯಲ್ಲಿ ಕಪ್ಪನೆಯ ಒಂದು ಪದರ ಕಾಣಿಸಿಕೊಂಡಿತು. 1924ರಲ್ಲಿ ಕ್ಲಾಡ್ ಕಾಫಿನ್ ಎಂಬ ನ್ಯಾಯಾಧೀಶರು, ಅವರ ಮಗ ಮತ್ತು ಅವರ ಗೆಳೆಯರೊಬ್ಬರು ಹಳೆಯ ಕಲ್ಲಿನ ಮೊನೆಗಳನ್ನು ಆಯುವ ಹವ್ಯಾಸದಿಂದ ಅಲ್ಲಿಗೆ ಬಂದಿದ್ದರು. ಅವರಿಗೆ ಸಿಕ್ಕಿದ್ದು ಅವರು ಅದುವರೆಗೆ ನೋಡಿರದ ಬಗೆಯ ಮೊನೆಗಳು. ಎಷ್ಟು ಹಳೆಯವು ಎಂಬುದು ಆಗ ಯಾರಿಗೂ ಅಂದಾಜಿರಲಿಲ್ಲ. ಜಮೀನಿನ ಒಡೆಯನ ಹೆಸರೇ ಆ ಜಾಗಕ್ಕೂ ಉಳಿಯಿತು. ಹನ್ನೆರಡು ಸಾವಿರ ವರ್ಷ ಹಿಂದೆ ಅಲ್ಲಿ ಒಲೆ ಹೂಡಿದವರ ಬಿಡಾರವನ್ನು ಇಂದು ಜಗತ್ತು ಗುರುತಿಸುವುದು ಇಪ್ಪತ್ತನೆಯ ಶತಮಾನದ ಒಬ್ಬ ದನಗಾಹಿ ಸಾಹುಕಾರನ ಹೆಸರಿನಿಂದ. ಹೆಸರಿಡುವ ಹಕ್ಕು ಮೊದಲು ಬಂದವರಿಗೆ ಇರುವುದಿಲ್ಲ, ದಾಖಲೆ ಬರೆಯುವ ಹೊತ್ತಿಗೆ ಅಲ್ಲಿದ್ದವರಿಗೆ ಇರುತ್ತದೆ.

ಸ್ಮಿತ್‌ಸೋನಿಯನ್ ಸಂಸ್ಥೆಯ ಫ್ರ್ಯಾಂಕ್ ರಾಬರ್ಟ್ಸ್ 1934ರಿಂದ 1940ರವರೆಗೆ ಇಲ್ಲಿ ಉತ್ಖನನ ನಡೆಸಿದರು. ಅಲ್ಲಿಯವರೆಗೆ ಆ ಕಾಲದ ಜನರ ಬಗ್ಗೆ ಗೊತ್ತಿದ್ದುದು ಅವರು ಬೇಟೆಯಾಡಿದ ಜಾಗಗಳಿಂದ ಮಾತ್ರ. ಬೇಟೆಯ ಜಾಗ ಹೇಳುವುದು ಒಂದು ದಿನದ ಕತೆ. ಲಿಂಡನ್‌ಮಯರ್ ಬಿಡಾರವಾದ್ದರಿಂದ ಇಡೀ ಸಂಸಾರದ ಕತೆ ಹೇಳಿತು. ತೊಗಲು ಹೆರೆಯುವ ಕಲ್ಲುಗಳು, ಕೊಯ್ಯುವ ಚಕ್ಕೆಗಳು, ಚೂಪಾದ ಕೊರೆಗಲ್ಲುಗಳು, ನೂರಾರು ಈಟಿಮೊನೆಗಳು ಮತ್ತು ಅವುಗಳ ತುಂಡುಗಳು, ಕೆಮ್ಮಣ್ಣಿನ ಉಂಡೆಗಳು ಸಿಕ್ಕವು. ಮೂಳೆಯಿಂದ ಮಾಡಿದ, ಕಣ್ಣು ಕೊರೆದ ಹೊಲಿಗೆಸೂಜಿಗಳು ಸಿಕ್ಕವು. ಅಂಚಿನುದ್ದಕ್ಕೂ ಸಣ್ಣ ಗೀರುಗಳನ್ನು ಎಳೆದ ಮೂಳೆಯ ಬಿಲ್ಲೆಗಳು ಸಿಕ್ಕವು. ಅವು ಆಟಕ್ಕೋ ಲೆಕ್ಕಕ್ಕೋ ಅಲಂಕಾರಕ್ಕೋ ಎಂಬುದು ಮಾಡಿದವರಿಗೇ ಗೊತ್ತು. ಈಗ ಅಳಿದುಹೋಗಿರುವ ದೊಡ್ಡ ಜಾತಿಯ ಬೈಸನ್‌ಗಳ ಮೂಳೆಗಳ ರಾಶಿಯಿತ್ತು. ಬೈಸನ್ ಎಂದರೆ ನಮ್ಮ ಮಲೆನಾಡಿನ ಕಾಟಿಯ ದೂರದ ನೆಂಟ. ಒಂದು ಬೈಸನ್ನಿನ ಬೆನ್ನುಮೂಳೆಯಲ್ಲಿ ಮುರಿದ ಮೊನೆ ಸಿಕ್ಕಿಕೊಂಡೇ ಇತ್ತು.

ಆ ಮೊನೆಗಳ ಬಗ್ಗೆ ಎರಡು ಮಾತು ಹೇಳಬೇಕು. ಇವಕ್ಕೆ ಫಾಲ್ಸಮ್ ಮೊನೆಗಳು ಎಂದು ಹೆಸರು. ಚಕಮಕಿ ಜಾತಿಯ ಕಲ್ಲನ್ನು ಎಲೆಯಷ್ಟು ತೆಳುವಾಗಿ ತಟ್ಟಿ, ಕೊನೆಗೆ ಬುಡದಿಂದ ತುದಿಯವರೆಗೆ ಎರಡೂ ಮೈಗಳಲ್ಲಿ ಉದ್ದನೆಯ ಒಂದೊಂದು ಚಕ್ಕೆಯನ್ನು ಒಂದೇ ಪೆಟ್ಟಿಗೆ ಅಥವಾ ಒಂದೇ ಒತ್ತಿಗೆ ಎಬ್ಬಿಸಿ ತೋಡು ಮಾಡುತ್ತಿದ್ದರು. ಗಂಟೆಗಟ್ಟಲೆ ಮಾಡಿದ ಕೆಲಸ ಆ ಕೊನೆಯ ಪೆಟ್ಟಿಗೆ ಮುರಿದು ಎರಡಾಗುವ ಸಾಧ್ಯತೆ ಯಾವಾಗಲೂ ಇತ್ತು. ಲಿಂಡನ್‌ಮಯರ್‌ನಲ್ಲಿ ಹಾಗೆ ಮುರಿದು ಬಿಸಾಡಿದ ತುಂಡುಗಳು, ತೋಡಿನಿಂದ ಎದ್ದ ಚಕ್ಕೆಗಳು ರಾಶಿರಾಶಿಯಾಗಿ ಸಿಕ್ಕಿವೆ. ತೋಡಿಲ್ಲದೆಯೂ ಈಟಿ ಕೆಲಸ ಮಾಡುತ್ತದೆ, ಬೈಸನ್ ಸಾಯುತ್ತದೆ. ಆದರೂ ಅವರು ಅದನ್ನು ಬಿಡಲಿಲ್ಲ. ಹಿಡಿಗೆ ಕಟ್ಟಲು ಅನುಕೂಲ ಎನ್ನುವವರಿದ್ದಾರೆ, ಅದು ಆ ಜನರ ಗುರುತಾಗಿತ್ತು ಎನ್ನುವವರೂ ಇದ್ದಾರೆ. ಒಂದು ಕೆಲಸವನ್ನು ‘ನಮ್ಮ ಕಡೆ ಹೀಗೇ ಮಾಡುವುದು’ ಎಂಬ ಕಾರಣಕ್ಕೇ ಕಷ್ಟಪಟ್ಟು ಮಾಡುವುದು ನಮಗೇನೂ ಹೊಸತಲ್ಲ. ಸಾರಿನ ಪುಡಿಯನ್ನು ಊರಿಂದಲೇ ತರಿಸಿಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಬರ್ಟ್ಸ್ ತಮ್ಮ ಅಂತಿಮ ವರದಿಯನ್ನು ಬರೆಯದೆಯೇ 1966ರಲ್ಲಿ ತೀರಿಕೊಂಡರು. ಅವರ ಟಿಪ್ಪಣಿಗಳನ್ನೂ ವಸ್ತುಗಳನ್ನೂ ಮತ್ತೆ ಕೈಗೆತ್ತಿಕೊಂಡು ಎಡ್ವಿನ್ ವಿಲ್ಮ್‌ಸೆನ್ ಎಂಬ ವಿದ್ವಾಂಸರು 1978ರಲ್ಲಿ ಅದನ್ನು ಮುಗಿಸಿದರು. ಅವರ ಗಮನ ಸೆಳೆದದ್ದು ಕೆಲವೇ ಕೆಲವು ಕಪ್ಪು ಚೂರುಗಳು. ಅವು ಅಬ್ಸಿಡಿಯನ್, ಅಂದರೆ ಜ್ವಾಲಾಮುಖಿಯ ಗಾಜು. ಈ ಗಾಜಿನ ರಾಸಾಯನಿಕ ಗುಣದಿಂದ ಅದು ಯಾವ ಬೆಟ್ಟದ್ದು ಎಂದು ಹೇಳಬಹುದು. ಬಿಡಾರದ ಒಂದು ಭಾಗದ ಚೂರುಗಳು ದಕ್ಷಿಣದ ನ್ಯೂ ಮೆಕ್ಸಿಕೊ ಕಡೆಯವು. ಇನ್ನೊಂದು ಭಾಗದವು ವಾಯವ್ಯದ ಯೆಲ್ಲೊಸ್ಟೋನ್ ಕಡೆಯವು. ಎರಡೂ ದಿಕ್ಕಿಗೆ 500 ಕಿಲೋಮೀಟರಿಗೂ ಮಿಕ್ಕ ದಾರಿ, ಹೆಚ್ಚುಕಡಿಮೆ ಮುಂಬೈಯಿಂದ ಹುಬ್ಬಳ್ಳಿಯಷ್ಟು. ಎರಡೂ ಭಾಗದ ಮೊನೆಗಳ ಅಂಚು ತಿದ್ದಿದ ಕ್ರಮದಲ್ಲೂ ಸಣ್ಣ ವ್ಯತ್ಯಾಸವಿತ್ತು. ಬೇರೆ ಬೇರೆ ಕಡೆ ತಿರುಗಾಡುತ್ತಿದ್ದ ಎರಡು ಗುಂಪುಗಳು ಇಲ್ಲಿ ಬಂದು ಕೂಡುತ್ತಿದ್ದವು ಎಂದು ವಿಲ್ಮ್‌ಸೆನ್ ಊಹಿಸಿದರು. ಇದನ್ನು ಪ್ರಶ್ನಿಸಿದವರೂ ಇದ್ದಾರೆ. ಆದರೆ ಯಾರೂ ಅಲ್ಲಗಳೆಯದ ಸಂಗತಿ ಇಷ್ಟು: ಇದು ಒಮ್ಮೆ ಬಂದು ಹೋದ ಜಾಗವಲ್ಲ, ಮತ್ತೆ ಮತ್ತೆ ಬಂದ ಜಾಗ. ಬಂದವರ ಚೀಲದಲ್ಲಿ ದೂರದ ಕಲ್ಲೂ ಇತ್ತು, ಕೈಯಲ್ಲಿ ಹತ್ತಿರದ ಕಲ್ಲೂ ಇತ್ತು.

ಕನ್ನಡದಲ್ಲಿ ‘ಬಿಡಾರ’ ಎಂದರೆ ಮನೆಯೂ ಅಲ್ಲ, ಬರಿಯ ದಾರಿಯೂ ಅಲ್ಲ. ಬಿಡಾರವನ್ನು ಹೂಡುತ್ತೇವೆ, ಕೀಳುತ್ತೇವೆ, ಕಟ್ಟುವುದಿಲ್ಲ, ಕೊಳ್ಳುವುದಿಲ್ಲ. ಈ ಖಂಡದ ‘ಮೊದಲಿಗರು’ ಎಂದು ಒಂದು ಕಾಲದಲ್ಲಿ ನಂಬಲಾಗಿದ್ದ ಜನರು ಬಿಟ್ಟುಹೋದ ಅತ್ಯಂತ ಶ್ರೀಮಂತ ಕುರುಹು ಒಂದು ಬಿಡಾರ. ಬೇಲಿಯಲ್ಲ, ಗಡಿಕಲ್ಲಲ್ಲ.

ಈಗ ಮೊದಲನೆಯ ಮಾತನ್ನು ನೋಡೋಣ: ‘ಮೊದಲು ಬಂದವರದೇ ನೆಲ.’

ಈ ಮಾತಿನ ಮೊದಲ ತೊಂದರೆ, ‘ಮೊದಲು’ ಎಂಬುದು ನಿಲ್ಲುವುದೇ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಮಿತ್‌ಸೋನಿಯನ್‌ನ ಅಲೆಶ್ ಹರ್ಡ್‌ಲಿಚ್ಕಾ ಅಮೆರಿಕ ಖಂಡದಲ್ಲಿ ಮನುಷ್ಯರ ಚರಿತ್ರೆ ಕೆಲವೇ ಸಾವಿರ ವರ್ಷಗಳದ್ದು ಎಂದು ಗಟ್ಟಿಯಾಗಿ ವಾದಿಸುತ್ತಿದ್ದರು. 1927ರಲ್ಲಿ ನ್ಯೂ ಮೆಕ್ಸಿಕೊದ ಫಾಲ್ಸಮ್ ಎಂಬಲ್ಲಿ ಹಿಮಯುಗದ ಬೈಸನ್ನಿನ ಪಕ್ಕೆಲುಬುಗಳ ನಡುವೆ ಈಟಿಮೊನೆ ಸಿಕ್ಕಿತು. ಅಲ್ಲಿಗೆ ಆ ವಾದ ಬಿತ್ತು, ಫಾಲ್ಸಮ್ ಜನ ಮೊದಲಿಗರಾದರು. ಮುಂದಿನ ಒಂದೇ ದಶಕದಲ್ಲಿ ಕ್ಲೋವಿಸ್ ಬಳಿ ಇನ್ನೂ ಕೆಳಗಿನ ಪದರದಲ್ಲಿ ಬೇರೆ ಬಗೆಯ ಮೊನೆಗಳು ಸಿಕ್ಕವು, ಕ್ಲೋವಿಸ್ ಜನ ಮೊದಲಿಗರಾದರು. 1990ರ ದಶಕದ ಕೊನೆಗೆ ಚಿಲಿ ದೇಶದ ಮಾಂಟೆ ವರ್ಡೆಯ ಸುಮಾರು 14,500 ವರ್ಷಗಳ ಹಿಂದಿನ ಬಿಡಾರವನ್ನು ಹೆಚ್ಚಿನ ವಿದ್ವಾಂಸರು ಒಪ್ಪಿಕೊಂಡರು. 2021ರಲ್ಲಿ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಲ್ಲಿ ಕಂಡ ಹೆಜ್ಜೆಗುರುತುಗಳಿಗೆ 21,000ದಿಂದ 23,000 ವರ್ಷಗಳ ಲೆಕ್ಕ ಬಂತು. ಒಂದೇ ಶತಮಾನದಲ್ಲಿ ಇಷ್ಟು ಬಾರಿ ಕೈ ಬದಲಾದ ಬಿರುದು ಇದು. ಮುಂದಿನ ಮಳೆಗಾಲದಲ್ಲಿ ಯಾವ ಹಳ್ಳ ಎಲ್ಲಿ ಕೊಚ್ಚುತ್ತದೆ ಎಂಬುದರ ಮೇಲೆ ಒಬ್ಬರ ಮನೆಯ ಹಕ್ಕು ನಿಲ್ಲುವುದಾದರೆ ಅದು ಹಕ್ಕಲ್ಲ, ಲಾಟರಿ.

ಎರಡನೆಯ ತೊಂದರೆ, ‘ಮೊದಲು’ ಯಾರು ಎಂದು ತೀರ್ಮಾನಿಸುವವರು ಯಾರು? ಫಾಲ್ಸಮ್‌ನ ಮೂಳೆಗಳನ್ನು ಗುರುತಿಸಿದ್ದು ಮ್ಯೂಸಿಯಮ್ಮಿನವರಲ್ಲ. ಜಾರ್ಜ್ ಮೆಕ್‌ಜಂಕಿನ್ ಎಂಬ ಕಪ್ಪು ಜನಾಂಗದ ದನಗಾಹಿ. ಟೆಕ್ಸಾಸಿನಲ್ಲಿ ಗುಲಾಮನಾಗಿ ಹುಟ್ಟಿ, ಓದನ್ನು ತಾನೇ ಕಲಿತು, ಒಂದು ದೊಡ್ಡ ಜಾನುವಾರು ಎಸ್ಟೇಟಿನ ಮೇಸ್ತ್ರಿಯಾದವನು. 1908ರ ಪ್ರವಾಹದ ನಂತರ ಬೇಲಿ ನೋಡುತ್ತ ಹೋದಾಗ ಕೊರೆದ ಹಳ್ಳದ ಆಳದಲ್ಲಿ ದೊಡ್ಡ ಮೂಳೆಗಳನ್ನು ಕಂಡು, ಇವು ಈಗಿನ ಪ್ರಾಣಿಯವಲ್ಲ ಎಂದು ತಿಳಿದವನು. ವರ್ಷಗಟ್ಟಲೆ ಕಂಡವರಿಗೆಲ್ಲ ಹೇಳಿದ. 1922ರಲ್ಲಿ ಸತ್ತ. ಉತ್ಖನನ ಶುರುವಾದದ್ದು 1926ರಲ್ಲಿ. ಅವನ ಹೆಸರು ಆ ಕತೆಯೊಳಗೆ ಸರಿಯಾಗಿ ಬರಲು ದಶಕಗಳೇ ಬೇಕಾದವು. ನೂರು ವರ್ಷದ ಹಿಂದೆ ಮೊದಲು ಕಂಡವನನ್ನೇ ದಾಖಲೆ ಇಷ್ಟು ಸುಲಭವಾಗಿ ಮರೆತರೆ, ಸಾವಿರಾರು ವರ್ಷದ ಹಿಂದೆ ಮೊದಲು ಬಂದವರ ಪರವಾಗಿ ಸಾಕ್ಷಿ ಹೇಳುವವರು ಯಾರು? ‘ಮೊದಲು’ ಎನ್ನುವುದು ಎಷ್ಟೋ ಸಲ ಬರೆಯಲು ಬಂದವರ ಅಭಿಪ್ರಾಯ.

ಮೂರನೆಯದು ತೊಂದರೆಯಷ್ಟೇ ಅಲ್ಲ, ಅಪಾಯ. 1996ರಲ್ಲಿ ವಾಷಿಂಗ್ಟನ್ ರಾಜ್ಯದ ಕೊಲಂಬಿಯಾ ನದಿಯ ದಂಡೆಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಎಂಟು ಸಾವಿರ ವರ್ಷಕ್ಕೂ ಹಳೆಯದು. ಕೆನೆವಿಕ್ ಮಾನವ ಎಂದು ಹೆಸರಾಯಿತು. ತಲೆಬುರುಡೆಯ ಆಕಾರ ಯುರೋಪಿನವರದನ್ನು ಹೋಲುತ್ತದೆ ಎಂಬ ಮಾತು ಆರಂಭದಲ್ಲೇ ಹೊರಬಿತ್ತು. ಹಾಗಾದರೆ ಬಿಳಿಯರೇ ಮೊದಲು ಬಂದವರು, ಇಂಡಿಯನ್ನರೇ ಆಮೇಲೆ ಬಂದು ಆಕ್ರಮಿಸಿದವರು ಎಂದು ಖುಷಿಪಟ್ಟವರು ಕಡಿಮೆಯಿರಲಿಲ್ಲ. ಇವರು ನಮ್ಮ ಹಿರಿಯರು, ಮಣ್ಣಿಗೆ ಮರಳಿಸಿ ಎಂದು ಆ ಸೀಮೆಯ ಬುಡಕಟ್ಟುಗಳು ಕೇಳಿದವು. ಸಂಬಂಧ ರುಜುವಾತಾಗಿಲ್ಲ ಎಂದು 2004ರಲ್ಲಿ ನ್ಯಾಯಾಲಯ ವಿಜ್ಞಾನಿಗಳ ಪರ ನಿಂತಿತು. 2015ರಲ್ಲಿ ಡಿಎನ್‌ಎ ಪರೀಕ್ಷೆಯಾದಾಗ ಬುಡಕಟ್ಟುಗಳು ಹೇಳಿದ್ದೇ ನಿಜವಾಯಿತು. 2017ರಲ್ಲಿ ಆ ಮೂಳೆಗಳನ್ನು ಮತ್ತೆ ಮಣ್ಣು ಮಾಡಿದರು. ಕತೆ ಸುಖಾಂತ್ಯವಾಯಿತೆಂದು ನಿಟ್ಟುಸಿರು ಬಿಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಒಂದು ವೇಳೆ ಡಿಎನ್‌ಎ ಬೇರೆ ಏನೋ ಹೇಳಿದ್ದರೆ? ಆಗ ಹತ್ತೊಂಬತ್ತನೆಯ ಶತಮಾನದಲ್ಲಿ ಆ ಜನರಿಂದ ನೆಲ ಕಸಿದದ್ದು ನ್ಯಾಯವಾಗಿಬಿಡುತ್ತಿತ್ತೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ಲಿಂಡನ್‌ಮಯರ್‌ಗೇ ವಾಪಸ್ ಬರಬೇಕು. ಬಿಡಾರದ ಮೇಲಿನ ಮಣ್ಣಿನಲ್ಲಿ ಇನ್ನೊಂದು ಚರಿತ್ರೆಯಿದೆ. 1851ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಅಮೆರಿಕದ ಸರ್ಕಾರವೇ ಈ ಸೀಮೆಯನ್ನು ಷಾಯೆನ್ ಮತ್ತು ಅರಪಾಹೊ ಜನರ ನೆಲ ಎಂದು ಒಪ್ಪಿ ಸಹಿ ಹಾಕಿತ್ತು. 1858ರಲ್ಲಿ ಬೆಟ್ಟದ ತಪ್ಪಲಲ್ಲಿ ಚಿನ್ನ ಕಂಡಿತು. 1861ರಲ್ಲಿ ಹೊಸ ಒಪ್ಪಂದ ಬಂದು ಆ ನೆಲ ಚೂರಾಯಿತು. 1864ರ ನವೆಂಬರ್ 29ರಂದು ಕೊಲೊರಾಡೊದ ಸ್ಯಾಂಡ್ ಕ್ರೀಕ್‌ನಲ್ಲಿ ಬಿಡಾರ ಹೂಡಿದ್ದ ಷಾಯೆನ್ ಮತ್ತು ಅರಪಾಹೊಗಳ ಮೇಲೆ ಸೈನ್ಯ ಬಿದ್ದು 150ಕ್ಕೂ ಹೆಚ್ಚು ಜನರನ್ನು ಕೊಂದಿತು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಉತ್ತರದ ಅರಪಾಹೊಗಳು 1878ರಲ್ಲಿ ವಯೋಮಿಂಗಿನ ವಿಂಡ್ ರಿವರ್‌ಗೆ, ತಮ್ಮ ಹಳೆಯ ವೈರಿಗಳಾದ ಶೊಶೊನಿಗಳ ಪಾಲಿನ ನೆಲಕ್ಕೆ, ಹೋಗಿ ನೆಲೆಸಬೇಕಾಯಿತು. ಫೋರ್ಟ್ ಕಾಲಿನ್ಸ್ ಎಂಬ ಊರಿನ ಹೆಸರಿನಲ್ಲಿರುವ ‘ಫೋರ್ಟ್’ ಆ ದಿನಗಳ ಸೈನಿಕ ಠಾಣೆಯದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅರಪಾಹೊಗಳು ಆ ಬಯಲಿಗೆ ಮೊದಲು ಬಂದವರಲ್ಲ. ಅವರ ಭಾಷೆಯ ನೆಂಟಸ್ತನ ಪೂರ್ವದ ದೊಡ್ಡ ಸರೋವರಗಳ ಕಡೆಯ ಭಾಷೆಗಳೊಡನೆ. ಕೊಲೊರಾಡೊದ ಬಯಲಿಗೆ ಅವರು ಬಂದು ಆಗ ಕೆಲವು ತಲೆಮಾರುಗಳಷ್ಟೇ ಆಗಿದ್ದವು. ಅವರಿಗಿಂತ ಮೊದಲು ಅಲ್ಲಿ ಬೇರೆಯವರಿದ್ದರು, ಅವರಿಗಿಂತ ಮೊದಲು ಇನ್ನೂ ಬೇರೆಯವರು. ನೆಲದ ಹಕ್ಕು ಮೊದಲು ಬಂದವರದು ಎನ್ನುವುದಾದರೆ ಅರಪಾಹೊಗಳಿಗೆ ಆ ನೆಲದ ಮೇಲೆ ಹಕ್ಕಿರಲಿಲ್ಲ, ಅವರನ್ನು ಓಡಿಸಿದ್ದು ತಪ್ಪೂ ಅಲ್ಲ. ಆದರೆ ಅದು ತಪ್ಪು. ಸ್ಯಾಂಡ್ ಕ್ರೀಕಿನ ಕತೆ ಕೇಳಿದ ಯಾರಿಗೂ ಅದು ತಪ್ಪೆಂದು ತಿಳಿಯಲು, ಅವರು ಅಲ್ಲಿಗೆ ಯಾವ ವರ್ಷ ಬಂದರು ಎಂದು ವಿಚಾರಿಸುವ ಅಗತ್ಯ ಬೀಳುವುದಿಲ್ಲ. ಹಾಗಾದರೆ ತಪ್ಪಿನ ತೂಕ ಇರುವುದು ಬಂದ ತಾರೀಕಿನಲ್ಲಲ್ಲ. ಅಲ್ಲಿ ಒಲೆ ಉರಿಯುತ್ತಿತ್ತು, ಮಕ್ಕಳಿದ್ದರು, ಬದುಕು ಆ ನೆಲಕ್ಕೆ ಹೆಣೆದುಕೊಂಡಿತ್ತು, ಅದನ್ನು ಕಿತ್ತರು. ತಪ್ಪಿನ ತೂಕ ಅಷ್ಟರಲ್ಲೇ ಇದೆ. ನನ್ನ ಮಟ್ಟಿಗೆ ‘ಮೊದಲು ಬಂದವರು’ ಎಂಬ ವಾದ ಇಲ್ಲಿಗೆ ಮುಗಿಯಿತು.

ಇನ್ನು ನಮ್ಮಂಥವರ ಪ್ರೀತಿಯ ಎರಡನೆಯ ಮಾತು. ‘ಎಲ್ಲರೂ ಎಲ್ಲಿಂದಲೋ ಬಂದವರೇ.’ ಮೇಲ್ನೋಟಕ್ಕೆ ಇದು ಉದಾರವಾದ ಮಾತು. ಸುಳ್ಳೂ ಅಲ್ಲ. ಆದರೆ ಅಮೆರಿಕದಲ್ಲಿ ಈ ಮಾತನ್ನು ಯಾರು ಯಾರಿಗೆ ಹೇಳಿದರು ಎಂದು ನೋಡಿದರೆ ಅದರ ಇನ್ನೊಂದು ಮುಖ ಕಾಣುತ್ತದೆ. ‘ನೀವೂ ಏಷ್ಯಾದಿಂದ ನಡೆದು ಬಂದವರೇ, ನಾವು ಹಡಗಿನಲ್ಲಿ ಬಂದೆವು, ಅಷ್ಟೇ ವ್ಯತ್ಯಾಸ’ ಎಂದು ನೆಲ ಕಳೆದುಕೊಂಡವರಿಗೆ ನೆಲ ಪಡೆದವರು ಹೇಳುವ ಸಮಾಧಾನ ಅದು. ಸ್ಟ್ಯಾಂಡಿಂಗ್ ರಾಕ್‌ನ ಸೂ ಜನಾಂಗದ ಚಿಂತಕ ವೈನ್ ಡೆಲೋರಿಯ 1995ರಲ್ಲಿ ಬರೆದ ಪುಸ್ತಕದಲ್ಲಿ ಬೇರಿಂಗ್ ದಾರಿಯ ಸಿದ್ಧಾಂತವನ್ನೇ ತಳ್ಳಿಹಾಕಿದರು. ತಮ್ಮ ಜನರನ್ನು ಕೊಂಚ ಮೊದಲು ಬಂದ ವಲಸಿಗರನ್ನಾಗಿ ಮಾಡಿ ಹಕ್ಕು ತೆಳುವಾಗಿಸುವ ತಂತ್ರ ಇದು ಎಂದು ಅವರ ಸಿಟ್ಟು. ಅವರ ವಿಜ್ಞಾನವನ್ನು ಒಪ್ಪುವುದು ಕಷ್ಟ. ಅವರ ಸಿಟ್ಟನ್ನು ಒಪ್ಪದಿರುವುದು ಇನ್ನೂ ಕಷ್ಟ.

‘ಎಲ್ಲರೂ ಬಂದವರೇ’ ಎಂಬ ಮಾತು ಬಂದದ್ದನ್ನಷ್ಟೇ ಹೇಳುತ್ತದೆ, ಹೇಗೆ ಬಂದೆವು ಎಂಬುದನ್ನು ಮುಚ್ಚಿಡುತ್ತದೆ. ಯೆಲ್ಲೊಸ್ಟೋನಿನ ಗಾಜನ್ನು ಚೀಲದಲ್ಲಿ ಹೊತ್ತು ಹುಲ್ಲುಗಾವಲಿಗೆ ಬಂದದ್ದೂ ಬರುವುದೇ, ಕುದುರೆಪಡೆ ಬಂದದ್ದೂ ಬರುವುದೇ. ಎರಡನ್ನೂ ಒಂದೇ ಕ್ರಿಯಾಪದದಲ್ಲಿ ಹೇಳಿದ ಮಾತ್ರಕ್ಕೆ ಅವು ಒಂದಾಗುವುದಿಲ್ಲ. ಕೇಳಬೇಕಾದ್ದು ಯಾರು ಮೊದಲು ಬಂದರು ಎಂದಲ್ಲ. ಬಂದಾಗ ಯಾರನ್ನು ಎಬ್ಬಿಸಿ ಕೂತರು ಎಂದು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ನ್ಯಾಯವಾದದ್ದೇ. ನೆಲೆಸಿ ಬದುಕುವುದರಿಂದ ಹಕ್ಕು ಬರುತ್ತದೆ ಎಂದಾದರೆ, ಕಸಿದುಕೊಂಡವನ ಮೊಮ್ಮಗನಿಗೂ ಅದೇ ಹಕ್ಕು ಬಂತಲ್ಲ? ಬಂತು. ಫೋರ್ಟ್ ಕಾಲಿನ್ಸ್‌ನಲ್ಲಿ ಇಂದು ಹುಟ್ಟಿದ ಮಗುವನ್ನು ಅಲ್ಲಿಂದ ಓಡಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಇರುವ ಹಕ್ಕು ಬೇರೆ, ಮರೆಯುವ ಹಕ್ಕು ಬೇರೆ. ಕಾಲ ಕಳೆದಂತೆ ಮೊದಲನೆಯದು ಬರುತ್ತದೆ, ಎರಡನೆಯದು ಎಂದೂ ಬರುವುದಿಲ್ಲ. ಮನೆ ತನ್ನದಾದ ಮೇಲೂ ಮನೆಯ ಮೇಲಿನ ಸಾಲ ಇರುತ್ತದೆ ಎನ್ನುವುದು ಇಎಂಐ ಕಟ್ಟುವ ನಮಗೆ ಗೊತ್ತಿರುವ ಸತ್ಯವೇ.

ಆ ಸಾಲವನ್ನು ತೀರಿಸುವುದೆಂದರೆ ಏನು ಎಂಬುದಕ್ಕೆ ಒಂದು ಚಿಕ್ಕ ಮಾದರಿಯಿದೆ. 1968ರಲ್ಲಿ ಮೊಂಟಾನಾ ರಾಜ್ಯದಲ್ಲಿ ಆನ್ಜಿಕ್ ಎಂಬಲ್ಲಿ ಎರಡು ವರ್ಷವೂ ತುಂಬಿರದ ಒಂದು ಮಗುವಿನ ಮೂಳೆಗಳು ಸಿಕ್ಕವು. ಹನ್ನೆರಡೂವರೆ ಸಾವಿರ ವರ್ಷಕ್ಕೂ ಹಿಂದಿನವು. ಮಗುವಿಗೆ ಕೆಮ್ಮಣ್ಣು ಪೂಸಿದ್ದರು, ಜೊತೆಯಲ್ಲಿ ನೂರಕ್ಕೂ ಹೆಚ್ಚು ಕಲ್ಲಿನ ಮತ್ತು ಮೂಳೆಯ ಸಲಕರಣೆಗಳನ್ನು ಇಟ್ಟಿದ್ದರು. ಅಷ್ಟು ಸಣ್ಣ ಮಗು ಒಂದು ಈಟಿಯನ್ನೂ ಎಸೆದಿರಲಾರದು. ಬದುಕಿದ್ದವರಿಗೆ ಅನ್ನ ಕೊಡುತ್ತಿದ್ದ ಸಲಕರಣೆಗಳನ್ನು ಆ ಮಗುವಿನ ಜೊತೆ ಬಿಟ್ಟು ಅವರು ಮುಂದೆ ನಡೆದರು. 2014ರಲ್ಲಿ ಆ ಮಗುವಿನ ಡಿಎನ್‌ಎ ಅಧ್ಯಯನ ಪ್ರಕಟವಾಯಿತು. ಇಂದಿನ ಮೂಲನಿವಾಸಿ ಜನರಿಗೆ ಅದು ಹತ್ತಿರದ ನೆಂಟ ಎಂದು ತಿಳಿಯಿತು. ಅದೇ ವರ್ಷ ಜೂನ್‌ನಲ್ಲಿ, ಬೇರೆ ಬೇರೆ ಬುಡಕಟ್ಟುಗಳ ಹಿರಿಯರು ಸೇರಿ, ಸಿಕ್ಕ ಜಾಗದ ಹತ್ತಿರವೇ ಮಗುವನ್ನು ಮತ್ತೆ ಮಣ್ಣಿಗಿಟ್ಟರು. ಯಾರಿಗೂ ಆ ಜಮೀನು ಮರಳಿ ಬರಲಿಲ್ಲ. ಆದರೆ ಮೂಳೆಗಳು ಸಿಕ್ಕವನ ಸೊತ್ತಲ್ಲ, ಕೇಳಬೇಕಾದವರು ಇದ್ದಾರೆ ಎಂಬ ಮಾತು ನಿಂತಿತು.

ನಮ್ಮ ಊರಿಗೆ ಈ ನ್ಯಾಯವನ್ನು ಹಚ್ಚಿ ನೋಡಿದರೆ ಏನಾಗುತ್ತದೆ? ಕರ್ನಾಟಕ ಕನ್ನಡಿಗರದು ಎನ್ನಲು ನಾವು ಥಟ್ಟನೆ ಹಲ್ಮಿಡಿ ಶಾಸನದ ಕಡೆಗೆ ಬೆರಳು ತೋರಿಸುತ್ತೇವೆ. ಆದರೆ ಅದಕ್ಕಿಂತ ಅನೇಕ ಶತಮಾನ ಹಿಂದಿನ, ಮಸ್ಕಿ ಮತ್ತು ಬ್ರಹ್ಮಗಿರಿಯ ಅಶೋಕನ ಶಾಸನಗಳ ಭಾಷೆ ಪ್ರಾಕೃತ. ಮೊದಲು ಬರೆದವರದೇ ನೆಲವಾದರೆ ನಾವು ಪ್ರಾಕೃತದ ಬಾಡಿಗೆದಾರರು. ಇನ್ನೂ ಹಿಂದಕ್ಕೆ ಹೋಗೋಣ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಅವರ ಸಂಗಡಿಗರು ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದ ಒಂದು ಕಾರ್ಖಾನೆಯನ್ನೇ ಅಗೆದು ತೆಗೆದಿದ್ದಾರೆ. ಅದಕ್ಕೆ ಬಂದ ಕಾಲದ ಲೆಕ್ಕ ಸುಮಾರು ಹನ್ನೆರಡು ಲಕ್ಷ ವರ್ಷ. ಆ ಕೊಡಲಿಗಳನ್ನು ಮಾಡಿದವರು ನಮ್ಮ ಜಾತಿಯ ಮನುಷ್ಯರೇ ಅಲ್ಲ. ‘ಮೊದಲು’ ಎಂಬುದನ್ನು ಕೊನೆಯವರೆಗೂ ಬೆನ್ನು ಹತ್ತಿದರೆ ಸಿಗುವುದು ಕನ್ನಡಿಗನೂ ಅಲ್ಲ, ಮರಾಠಿಗನೂ ಅಲ್ಲ, ತಮಿಳನೂ ಅಲ್ಲ.

ಹಾಗೆಂದ ಮಾತ್ರಕ್ಕೆ ಬೆಂಗಳೂರಿನಲ್ಲಿ ಕನ್ನಡದ ಹಕ್ಕು ಬಿದ್ದುಹೋಯಿತೆ? ಇಲ್ಲ, ಅದು ಇನ್ನೂ ಗಟ್ಟಿಯಾಯಿತು. ನಾಳೆ ಎಲ್ಲೋ ಇನ್ನೊಂದು ಭಾಷೆಯ ಇನ್ನೂ ಹಳೆಯ ಶಾಸನ ಸಿಕ್ಕರೂ ಆ ಹಕ್ಕು ಅಲುಗುವುದಿಲ್ಲ. ಏಕೆಂದರೆ ಇವತ್ತು ಆ ಭಾಷೆಯಲ್ಲಿ ಅಳುವ, ನಗುವ, ಕೋರ್ಟಿಗೆ ಅರ್ಜಿ ಬರೆಯುವ, ಆಸ್ಪತ್ರೆಯಲ್ಲಿ ನೋವು ಹೇಳಿಕೊಳ್ಳುವ ಜನರಿದ್ದಾರೆ. ಅವರನ್ನು ಅವರದೇ ಊರಿನ ಕೌಂಟರಿನಲ್ಲಿ ಮೂಕರನ್ನಾಗಿ ಮಾಡಿದರೆ ಅದು ಎಬ್ಬಿಸಿ ಕೂತಂತೆಯೇ. ಮುಂಬೈಯಲ್ಲಿ ಮರಾಠಿಗೂ ಇದೇ ನ್ಯಾಯ. ಅಲ್ಲಿ ಮೂವತ್ತು ವರ್ಷ ಬದುಕಿ ತರಕಾರಿಯವಳ ಜೊತೆ ಮರಾಠಿಯಲ್ಲಿ ನಾಲ್ಕು ಮಾತಾಡದವರು ‘ಎಲ್ಲರೂ ಬಂದವರೇ’ ಎಂದು ಹೇಳಿದರೆ ಆ ಮಾತು ಸೋಮಾರಿತನದ ಮುಸುಕು. ಹಾಗೆಯೇ, ಅರವತ್ತರ ದಶಕದಲ್ಲಿ ಅದೇ ಊರಿನಲ್ಲಿ ದಕ್ಷಿಣದವರನ್ನು ಹೆದರಿಸಿದ ‘ಮೊದಲಿಗರು’ ಕೂಡ ಮೊದಲಿಗರಾಗಿರಲಿಲ್ಲ. ಅವರಿಗಿಂತ ಹಿಂದೆ ಅಲ್ಲಿ ಬಲೆ ಒಣಹಾಕಿದವರು ಕೋಳಿ ಜನ. ವರ್ಳಿ, ಮಾಹಿಮ್‌ಗಳ ಕೋಳಿವಾಡಾಗಳನ್ನು ಇಂದು ಒತ್ತುತ್ತಿರುವ ಗೋಪುರಗಳಲ್ಲಿ ಮರಾಠಿಗರೂ ಇದ್ದಾರೆ, ಗುಜರಾತಿಗಳೂ ಇದ್ದಾರೆ, ನಮ್ಮವರೂ ಇದ್ದಾರೆ. ಕೋಳಿಗಳ ಪರವಾಗಿ ವಾದಿಸಲು ಅವರು ಎಷ್ಟು ಹಳಬರು ಎಂದು ರುಜುವಾತು ಮಾಡಬೇಕಿಲ್ಲ. ಅವರ ದೋಣಿ ಇವತ್ತು ಬೆಳಿಗ್ಗೆ ಸಮುದ್ರಕ್ಕೆ ಹೋಗಿತ್ತು, ಅಷ್ಟು ಸಾಕು.

ಮುಂಬೈ ಲೋಕಲ್ಲಿನಲ್ಲಿ ಮೂರು ಜನರ ಸೀಟಿನಲ್ಲಿ ನಾಲ್ಕನೆಯವನು ಕೂರುವ ಪದ್ಧತಿ ಗೊತ್ತಲ್ಲ. ಮೊದಲು ಹತ್ತಿದವನಿಗೆ ಕಿಟಕಿ ಸಿಗಬಹುದು, ಬೋಗಿ ಸಿಗುವುದಿಲ್ಲ. ನಾಲ್ಕನೆಯವನಿಗೆ ಜಾಗ ಸಿಗುತ್ತದೆ. ಆದರೆ ಕೂತವರಲ್ಲಿ ಒಬ್ಬರನ್ನು ತಳ್ಳಿ ಕೂತರೆ ಇಡೀ ಡಬ್ಬಿ ತಿರುಗಿಬೀಳುತ್ತದೆ. ಯಾವ ಸಂವಿಧಾನವನ್ನೂ ಓದದ ದಣಿದ ಜನ ದಿನವೂ ನಡೆಸುವ ಈ ನ್ಯಾಯದಲ್ಲಿ ತಾರೀಕಿಗೆ ಬೆಲೆ ಕಡಿಮೆ, ನಡತೆಗೆ ಹೆಚ್ಚು.

ಲಿಂಡನ್‌ಮಯರ್ ಇರುವ ಹುಲ್ಲುಗಾವಲು ಈಗ ಫೋರ್ಟ್ ಕಾಲಿ‌ನ್ಸ್ ನಗರಾಡಳಿತದ ಸುಪರ್ದಿಯಲ್ಲಿದೆ. ಸೋಪ್‌ಸ್ಟೋನ್ ಪ್ರೈರಿ ಎಂಬ ಹೆಸರಿನಲ್ಲಿ 2009ರಿಂದ ಜನರಿಗೆ ತೆರೆದಿದೆ. ಉತ್ಖನನದ ಗುಂಡಿಗಳು ಮುಚ್ಚಿ ಹುಲ್ಲು ಬೆಳೆದಿದೆ. 2015ರ ನವೆಂಬರ್‌ನಲ್ಲಿ ಒಂದು ಸಣ್ಣ ಬೈಸನ್ ಹಿಂಡನ್ನು ಆ ಬಯಲಿಗೆ ಮರಳಿ ಬಿಟ್ಟರು. ಬೇಟೆಗಾರರು ಹೊಡೆದ ದೊಡ್ಡ ಜಾತಿ ಎಂದೋ ಅಳಿದಿದೆ. ಈಗಿನವು ಅದರ ನಂತರದ ಪೀಳಿಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇವನ್ನೂ ಕೊಂದು ಮುಗಿಸುವುದರಲ್ಲಿದ್ದರು. ಈಗ ಅವು ಬೇಲಿಯೊಳಗೆ ಮೇಯುತ್ತಿವೆ. ಅವುಗಳ ಕಾಲಡಿಯ ಮಣ್ಣಿನಲ್ಲಿ, ಕೊನೆಯ ಪೆಟ್ಟಿಗೆ ಮುರಿದ ಮೊನೆಗಳು ಇನ್ನೂ ಎಷ್ಟೋ ಉಳಿದಿರಬೇಕು. ಅವನ್ನು ಮಾಡಿದವರು ತಾವು ಯಾವುದಕ್ಕೂ ಮೊದಲಿಗರು ಎಂದುಕೊಂಡಿರಲಿಲ್ಲ. ಹೋದ ಸಲ ಒಲೆ ಹೂಡಿದ ಜಾಗ ಎಲ್ಲಿತ್ತು, ನೀರು ಎಷ್ಟು ದೂರ, ಈ ಸಲ ಆ ಕಡೆಯವರು ಬಂದಿದ್ದಾರೋ ಇಲ್ಲವೋ ಎಂದಷ್ಟೇ ನೋಡಿರುತ್ತಾರೆ. ಹೊಸ ಊರಿನಲ್ಲಿ ಸಾಮಾನು ಇಳಿಸುವವರಿಗೆ ಅದಕ್ಕಿಂತ ದೊಡ್ಡ ತತ್ವ ಬೇಕಾಗಿಲ್ಲ.